ಕರಿ ಕೋಟಿಗೆ ಕಾದ ಉಯಿಲು

ಬೀದಿಯವರು ಆ ಟೈಲರಿಗೆ ಇಟ್ಟಿದ್ದ ಹೆಸರು ‘ನಾಳೆ ಮಾಸ್ಟ್ರು’. ಇಟ್ಟವರದ್ದೇನೂ ತಪ್ಪಿಲ್ಲ. ಪ್ಯಾಂಟು ಯಾವಾಗ ಅಂದರೆ ನಾಳೆ, ಶರ್ಟು ಯಾವಾಗ ಅಂದರೆ ನಾಳೆ. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡಿ, ನಿಧಾನಕ್ಕೆ ತಲೆಯಾಡಿಸಿ ಅವರು ‘ನಾಳೆ’ ಅಂದರೆ, ಜಗಳಕ್ಕೆಂದೇ ಸೊಂಟ ಕಟ್ಟಿ ಬಂದವರೂ ತಣ್ಣಗಾಗಿ ವಾಪಸು ಹೋಗುತ್ತಿದ್ದರು. ಹೊಲಿಗೆ ಮಾತ್ರ ಹೆಸರಿಡುವಂತಿರಲಿಲ್ಲ. ಹಾಗಾಗಿ ಬೈದುಕೊಂಡೇ ಎಲ್ಲರೂ ಮತ್ತೆ ಅಲ್ಲಿಗೇ ಬರುತ್ತಿದ್ದರು.

ಮುಂದೆ ಅಂಗಡಿ, ಹಿಂದೆ ಎರಡು ಕೋಣೆ. ಅಂಗಡಿಯಲ್ಲಿ ಎರಡು ಮೆಷಿನ್ನು, ಒಂದು ಮಾಸ್ಟ್ರದು, ಇನ್ನೊಂದು ಮಗಳದು. ಮಗಳೆಂದರೆ ಹೆತ್ತ ಮಗಳಲ್ಲ. ನಲವತ್ತು ದಾಟಿ ಮಾಸ್ಟ್ರು ಮದುವೆಯಾದಾಗ ತಾಯಿಯ ಕೈ ಹಿಡಿದುಕೊಂಡು ಬಂದ ನಾಲ್ಕು ವರ್ಷದ ಕೂಸು. ಬಂದ ದಿನವೇ ಕತ್ತರಿಸುವ ಮೇಜಿನ ಕೆಳಗೆ ಕೂತು ಬಟ್ಟೆ ಚೂರುಗಳನ್ನೆಲ್ಲ ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಹಾಕಿತ್ತು. ಈಗ ಅವಳಿಗೆ ಇಪ್ಪತ್ತೈದು. ತಾಯಿ ತೀರಿಕೊಂಡು ಮೂರು ವರ್ಷ. ಗುಂಡಿಗೆ ಕಾಜಾ ಹಾಕುವುದರಲ್ಲಿ ಅಪ್ಪನನ್ನೂ ಮೀರಿಸಿದ್ದಾಳೆ ಅಂತ ಅಪ್ಪನೇ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದರು.

ಒಂದು ಹಳೆಯ ಕಾಗದ ಮಾತ್ರ ಅವಳ ಪಾಲಿಗೆ ಮುಳ್ಳಾಗಿ ಕೂತಿತ್ತು. ಮದುವೆಗೆ ಎಷ್ಟೋ ಮೊದಲು, ಹೊಟ್ಟೆಯ ಆಪರೇಷನ್ನಿಗೆ ಹೆದರಿ ಮಾಸ್ಟ್ರು ಬರೆಸಿದ್ದ ಉಯಿಲು ಅದು. ತನ್ನ ನಂತರ ಅಂಗಡಿ, ಕೋಣೆ, ಮೆಷಿನ್ನು ಎಲ್ಲ ಅಣ್ಣನಿಗೆ ಅಂತ. ಆಪರೇಷನ್ ಆಯಿತು, ಹೊಟ್ಟೆ ಸರಿಹೋಯಿತು, ಕಾಗದ ಅಣ್ಣನ ಬೀರುವಿನಲ್ಲೇ ಉಳಿಯಿತು.

ಎದುರಿನ ಮಹಡಿಯ ವಕೀಲರು ಒಂದು ದಿನ ಇದನ್ನು ಕೇಳಿ ಗಾಬರಿಯಾದರು.

“ಮಾಸ್ಟ್ರೇ, ಕಾನೂನಿನ ಪ್ರಕಾರ ಆ ಹುಡುಗಿ ನಿಮಗೆ ಏನೂ ಆಗಬೇಕಿಲ್ಲ. ಬೇರೆ ವಿಲ್ ಬರೆಸದೇ ಇದ್ರೆ ಬೀದಿಗೆ ಬೀಳ್ತಾಳೆ.”

“ಬರೆಸೋಣ ಬಿಡಿ. ಫೀಸು ಎಷ್ಟಾಗುತ್ತೆ?”

“ಫೀಸ್ ಬೇಡ. ನನಗೊಂದು ಕರಿ ಕೋಟ್ ಹೊಲಿದುಕೊಡಿ. ಅದನ್ನ ಹಾಕ್ಕೊಂಡ ದಿನ ಸಹಿ ಹಾಕಿಸ್ತೀನಿ.”

ವಾರದಲ್ಲೇ ಉಯಿಲು ಸಿದ್ಧವಾಗಿ ವಕೀಲರ ಡ್ರಾಯರಿನಲ್ಲಿ ಕೂತಿತು. ಕೋಟು ಮಾತ್ರ ಒಂದು ತೋಳು ಹಚ್ಚಿಸಿಕೊಂಡು, ಇನ್ನೊಂದಕ್ಕೆ ಕಾಯುತ್ತ ಗೋಡೆಯ ಮೊಳೆಯಲ್ಲಿ ನೇತಾಡಿತು. ಮಾಸ್ಟ್ರದ್ದು ಸೋಮಾರಿತನವಲ್ಲ. ಗಿರಾಕಿಯ ಕೆಲಸ ಮುಗಿಯದೆ ಸ್ವಂತ ಕೆಲಸ ಮುಟ್ಟಬಾರದು ಅನ್ನುವ ಹಟ. ಫೀಸಿನ ಬದಲಿಗೆ ಹೊಲಿಯುವ ಕೋಟು ಅವರ ಲೆಕ್ಕದಲ್ಲಿ ಸ್ವಂತ ಕೆಲಸವೇ. ಅವರ ಅಂಗಿಗೇ ಎರಡು ಗುಂಡಿ ಇರಲಿಲ್ಲ. ವಕೀಲರು ಬೆಳಿಗ್ಗೆ ಕೋರ್ಟಿಗೆ ಹೊರಟಾಗ “ಕೋಟು?” ಅನ್ನುವುದು, ಇವರು “ನಾಳೆ” ಅನ್ನುವುದು. “ಹಾಗಾದ್ರೆ ವಿಲ್ಲೂ ನಾಳೆ” ಅಂತ ಅವರು ಹೇಳಿದರೆ ಇಬ್ಬರೂ ನಗುವುದು. ಹೀಗೇ ಒಂದು ವರ್ಷ ಎರಡು ತಿಂಗಳು ನಕ್ಕರು.

ಒಂದು ಬೆಳಿಗ್ಗೆ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ ಮಾಸ್ಟ್ರ ಕೈ ಸೊಟ್ಟಗೆ ಜಾರಿತು. ಅದರ ಹಿಂದೆಯೇ ಮಾಸ್ಟ್ರೂ ಜಾರಿದರು. ಬಲಗಡೆ ಪೂರ್ತಿ ಸತ್ತುಹೋಗಿತ್ತು, ನಾಲಿಗೆಯೂ ಬಿದ್ದುಹೋಗಿತ್ತು.

ಒಂಬತ್ತನೆಯ ದಿನ ಆಸ್ಪತ್ರೆಯಲ್ಲಿ ಮಗಳು “ಅಪ್ಪಾ, ನೀರು ಬೇಕಾ?” ಅಂತ ಕೇಳಿದಳು. ಮಾಸ್ಟ್ರು ‘ಬೇಕು’ ಅನ್ನಲು ಬಾಯಿ ತೆರೆದರು. ಬಂದದ್ದು “ನಾಳೆ”.

ನರ್ಸ್ ನಕ್ಕಳು. ಅಪ್ಪ ತಮಾಷೆ ಮಾಡಿದರು ಅಂದುಕೊಂಡು ಮಗಳೂ ಕಣ್ಣೊರೆಸಿಕೊಂಡು ನಕ್ಕಳು. ಮಾಸ್ಟ್ರು ಮತ್ತೊಮ್ಮೆ ಬಾಯಿ ತೆರೆದರು, ಮತ್ತೆ ಅದೇ ಬಂತು. ಒಳಗೆ ಎಲ್ಲ ಮಾತೂ ಇದ್ದಲ್ಲೇ ಇತ್ತು. ಹೊರಗೆ ಬರುವುದಕ್ಕೆ ಒಪ್ಪಿದ್ದು ಅದೊಂದೇ. ಜೀವಮಾನವಿಡೀ ಹೆಚ್ಚು ಆಡಿದ ಮಾತು ಹೀಗೆ ಒಂಟಿಯಾಗಿ ಉಳಿಯುವುದುಂಟು, ಬರವಣಿಗೆಯೂ ಮಾತಿನ ಜೊತೆಗೇ ಹೋಗಿರುತ್ತದೆ, ಇನ್ನೊಮ್ಮೆ ಹೀಗಾದರೆ ಜೀವ ಉಳಿಯುವುದು ಕಷ್ಟ ಅಂದರು ಡಾಕ್ಟರು.

ಮನೆಗೆ ಕರೆತಂದು ಅಂಗಡಿಯಲ್ಲೇ ಮಂಚ ಹಾಕಿ ಮಲಗಿಸಿದ ಮಾರನೇ ದಿನ ಅಣ್ಣ ಹಣ್ಣು ಹಿಡಿದುಕೊಂಡು ಬಂದ. ಕೆಟ್ಟ ಮನುಷ್ಯನೇನಲ್ಲ. ತಮ್ಮನ ಕಾಲೊತ್ತಿದ, ಕಣ್ಣಲ್ಲಿ ನೀರೂ ಹಾಕಿದ. ಆಮೇಲೆ ಎದ್ದು ಬಾಗಿಲಿನಿಂದ ಗೋಡೆಯವರೆಗೆ ಹೆಜ್ಜೆ ಹಾಕಿ ಅಂಗಡಿ ಅಳೆದು ನೋಡಿದ.

“ಯೋಚನೆ ಮಾಡ್ಬೇಡ ಕಣೋ. ನೀನೇ ಬರೆದುಕೊಟ್ಟಿದೀಯಲ್ಲ, ಎಲ್ಲ ನಾನು ನೋಡ್ಕೋತೀನಿ.” ಮಗಳ ಕಡೆ ತಿರುಗಿ, “ನೀನೂ ಎಲ್ಲಾದ್ರೂ ಒಂದು ಕೆಲಸ ನೋಡ್ಕೊಳಮ್ಮ” ಅಂದ.

“ಆಗಲಿ ದೊಡ್ಡಪ್ಪ” ಅಂದಳು ಅವಳು. ಬೇರೇನು ಹೇಳಿಯಾಳು?

ಅಂದೇ ಸಂಜೆ ವಕೀಲರು ಡ್ರಾಯರಿನ ಕಾಗದ ತಂದರು. ಜೊತೆಗೆ ಡಾಕ್ಟರು, ಸಾಕ್ಷಿಗೆ ಔಷಧಿ ಅಂಗಡಿಯವರು ಮತ್ತು ಪಕ್ಕದ ಪುಸ್ತಕದಂಗಡಿಯವರು. ಮಗಳನ್ನು ಹೊರಗೆ ಕಳಿಸಿದರು. ಸಹಿ ಆಗದಿದ್ದರೆ ಎಡಗೈ ಹೆಬ್ಬೆಟ್ಟು ಸಾಕು, ಆದರೆ ತಿಳಿದು ಒಪ್ಪಿದ್ದಾರೆ ಅಂತ ಡಾಕ್ಟರು ಬರೆದುಕೊಡಬೇಕು. ವಕೀಲರು ನಿಧಾನವಾಗಿ ಓದಿದರು. ಒಂದೊಂದು ಅಕ್ಷರವೂ ಮಾಸ್ಟ್ರಿಗೆ ಅರ್ಥವಾಯಿತು.

“ಎಲ್ಲ ಮಗಳಿಗೆ ಕೊಡೋಕೆ ನಿಮಗೆ ಒಪ್ಪಿಗೆ ಇದೆಯಾ?”

“ನಾಳೆ.”

“ಮಾತು ಬೇಡ. ತಲೆ ಆಡಿಸಿ ಸಾಕು” ಅಂದರು ಡಾಕ್ಟರು. ಮಾಸ್ಟ್ರು ತಲೆಯಾಡಿಸಿದರು. ವಕೀಲರ ಮುಖ ಅರಳಿತು. ಡಾಕ್ಟರು ಮೇಜಿನ ಮೇಲಿದ್ದ ಕತ್ತರಿ ಎತ್ತಿ ಹಿಡಿದರು. “ಇದು ಕತ್ತರಿನಾ?” ಮಾಸ್ಟ್ರು ತಲೆಯಾಡಿಸಿದರು. ಅದೇ ಕತ್ತರಿ ಹಿಡಿದುಕೊಂಡೇ, “ಇದು ಇಸ್ತ್ರಿ ಪೆಟ್ಟಿಗೇನಾ?”

ಅಲ್ಲ ಅಂತ ಮಾಸ್ಟ್ರಿಗೆ ಗೊತ್ತು. ಮೂವತ್ತೈದು ವರ್ಷ ಹಿಡಿದ ಕತ್ತರಿ ಅದು. ಆದರೆ ಗಿರಾಕಿ ಏನು ಕೇಳಿದರೂ ಆಡಿಕೊಂಡೇ ಬಂದಿದ್ದ ತಲೆ, ಅವರ ಮಾತು ಕೇಳದೆ, ಹೌದೆಂದು ಆಡಿತು.

“ಎಲ್ಲ ಅಣ್ಣನಿಗೇ ಹೋಗ್ಬೇಕಾ?” ತಲೆ ಅದಕ್ಕೂ ಆಡಿತು.

ಮಾಸ್ಟ್ರು ಎಡಗೈ ಎತ್ತಿ ಮಗಳ ಮೆಷಿನ್ನು ತೋರಿಸಿದರು, ಅವಳು ಹೊರಗೆ ಹೋದ ಬಾಗಿಲು ತೋರಿಸಿದರು. ಡಾಕ್ಟರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

“ಮಗಳ ಮೇಲೆ ಪ್ರೀತಿ ಇದೆ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಆದ್ರೆ ನಾನೇನಂತ ಬರೀಲಿ ಹೇಳಿ? ನಾಳೆ ಅವರಣ್ಣ ಕೋರ್ಟಿಗೆ ಹೋದ್ರೆ ಇದು ಒಂದು ದಿನ ನಿಲ್ಲಲ್ಲ.”

ಮಾಸ್ಟ್ರು ವಕೀಲರ ತೋಳು ಹಿಡಿದುಕೊಂಡರು. ಅದೇ ಹಳೇ ಕೋಟು. ಮೊಣಕೈ ಹತ್ತಿರ ಬಟ್ಟೆ ಸವೆದು ಒಳಗಿನ ಲೈನಿಂಗು ಕಾಣುತ್ತಿತ್ತು. ವಕೀಲರು ಅವರ ಕೈ ಬಿಡಿಸಲಿಲ್ಲ.

“ನನ್ನದೇ ತಪ್ಪು ಮಾಸ್ಟ್ರೇ. ಕಾಗದ ಎದುರಿಗೇ ಇತ್ತು. ಮೆಟ್ಟಿಲಿಳಿದು ಬಂದಿದ್ರೆ ಆಗ್ತಿತ್ತು.”

ಮಗಳಿಗೆ ಯಾರೂ ಏನೂ ಬಿಡಿಸಿ ಹೇಳಲಿಲ್ಲ. ಅವರು ಹೋದ ಮೇಲೆ, ಕೋಟಾದರೆ ವಿಲ್ಲೂ ಆಗುತ್ತೆ ಅನ್ನುವ ಮಾತನ್ನು ದಿನಾ ಕೇಳಿದ್ದ ಅವಳು ಮೊಳೆಯಿಂದ ಕೋಟು ತೆಗೆದಳು. ಎರಡು ದಿನ ಕೂತು ಇನ್ನೊಂದು ತೋಳು ಹಚ್ಚಿ, ಕಾಜಾ ಹಾಕಿ, ಇಸ್ತ್ರಿ ಮಾಡಿ ಕೊಟ್ಟಳು. ವಕೀಲರಿಗೆ ಅದು ಹೇಳಿ ಮಾಡಿಸಿದಂತೆ ಒಪ್ಪಿತು. ಅವರು ಕನ್ನಡಿ ನೋಡಿಕೊಳ್ಳದೆ ಹೊರಟುಹೋದರು.

ಅಷ್ಟರಲ್ಲಿ ಒಬ್ಬ ಹೆಂಗಸು ಹೊಸ ಬಟ್ಟೆ ತಂದಳು. ಮಗಳು ಟೇಪು ತೆಗೆದವಳು ಹಾಗೇ ನಿಂತಳು. ತೆಗೆದುಕೊಳ್ಳಲೋ ಬೇಡವೋ, ಹೊಲಿದು ಕೊಡುವ ಹೊತ್ತಿಗೆ ಈ ಅಂಗಡಿಯಲ್ಲಿ ತಾನಿರುತ್ತೇನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಅಪ್ಪನ ಮುಖ ನೋಡಿದಳು.

“ಯಾವಾಗ ಕೊಡ್ತೀರಿ ಮಾಸ್ಟ್ರೇ?” ಅಂದಳು ಹೆಂಗಸು.

ಮಾಸ್ಟ್ರು ತುಟಿ ಬಿಗಿದರು. ‘ಇವತ್ತೇ’ ಅನ್ನಬೇಕಿತ್ತು ಅವರಿಗೆ. ಎಲ್ಲವನ್ನೂ ಇವತ್ತೇ, ಈಗಲೇ, ಉಸಿರಿರುವಾಗಲೇ. ಹಣೆ ಬೆವರಿತು. ಕುತ್ತಿಗೆಯ ನರ ಉಬ್ಬಿತು. ಆ ಮಾತನ್ನು ಅವರು ಗಂಟಲಿನಿಂದ ಹಲ್ಲಿನವರೆಗೂ ಎಳೆದು ತಂದರು.

“ನಾಳೆ.”

“ಹಂಗಾದ್ರೆ ನಾಳೆನೇ ಬರ್ತೀನಿ” ಅಂತ ಹೆಂಗಸು ನಂಬಿಕೊಂಡು ಹೋದಳು. ಮಗಳು ಅಳತೆ ಪುಸ್ತಕ ತೆರೆದು ನಾಳೆಯ ತಾರೀಖು ಬರೆದುಕೊಂಡಳು.