ತಂಗಿ ಕೇಳಿದ ಸೊಪ್ಪು

ನನ್ನ ತಂಗಿಗೆ ಸೊಪ್ಪೆಂದರೆ ಪ್ರಾಣ. ಬೇರೆ ಮಕ್ಕಳು ಬೆಲ್ಲ ಕದಿಯುವ ವಯಸ್ಸಿನಲ್ಲಿ ಅವಳು ಅಜ್ಜಿಯ ಪುಟ್ಟಿಗೆ ಕೈ ಹಾಕಿ ಹೊನಗೊನೆ ಸೊಪ್ಪಿನ ಕುಡಿ ಚಿವುಟಿ ಹಸಿಯಾಗಿಯೇ ತಿನ್ನುತ್ತಿದ್ದಳು. ಆಗ ನಾವು ಹೊರಕೆರೆದೇವರಪುರದ ಹತ್ತಿರದ ಹಳ್ಳಿಯಲ್ಲಿ ಅವ್ವನ ತಾಯಿಯ ಮನೆಯಲ್ಲಿದ್ದೆವು. ಅಜ್ಜಿ ಕುರಿ ಸಾಕುತ್ತಿದ್ದಳು. ಯಾರಾದರೂ ತಂಗಿಯನ್ನು ಗದರಿದರೆ, "ಕುರಿ ತನಗೇನು ಬೇಕೋ ಅದನ್ನೇ ಹುಡುಕ್ಕೊಂಡು ಹೋಗ್ತೈತೆ. ಈ ಹುಡುಗಿ ಮೈ ಕೇಳ್ತೈತೆ, ತಿನ್ಲಿ ಬಿಡ್ರಿ" ಎನ್ನುತ್ತಿದ್ದಳು.

ಎಪ್ಪತ್ತರ ದಶಕದಲ್ಲಿ ಅಪ್ಪನಿಗೆ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಕೆಲಸ ಸಿಕ್ಕಿತು. ಅಪ್ಪ, ಅವ್ವ, ತಂಗಿ ಚಿಕ್ಕಜಾಜೂರಿನ ಕ್ವಾರ್ಟರ್ಸಿಗೆ ಹೋದರು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ವಾರವೆಲ್ಲ ಅಜ್ಜಿಯ ಕುರಿ ಕಾಯುವುದು, ಶನಿವಾರ ಬಸ್ಸು ಹತ್ತಿ ಮನೆಗೆ ಬರುವುದು. ಸಂಬಳ ಬರತೊಡಗಿದ ಮೇಲೆ ನಮ್ಮ ಮನೆಯ ಊಟ ಬೆಳ್ಳಗಾಯಿತು. ಬೆಳ್ಳನೆಯ ಅನ್ನ, ತಿಳಿಸಾರು, ಅಂಗಡಿಯ ಬನ್ನು. ಮುದ್ದೆ, ಬೆರಕೆ ಸೊಪ್ಪಿನ ಸಾರು ಹಳ್ಳಿಯಲ್ಲೇ ಉಳಿದವು. ತಂಗಿ ಒಮ್ಮೆ ಬೇಲಿಯ ಸೊಪ್ಪು ಕಿತ್ತಾಗ ಅವ್ವ, "ಕ್ವಾಟ್ರಸ್ಸಿನಾಗಿದ್ದು ಬೇಲಿಗೆ ಬಾಯಿ ಹಾಕ್ತೀಯೇನೇ? ಮಂದಿ ಏನಂತಾರೆ?" ಎಂದು ಎಲ್ಲವನ್ನೂ ಚೆಲ್ಲಿಸಿದ್ದಳು.

ಆ ವರ್ಷ ಬೇಸಿಗೆಯಲ್ಲಿ ತಂಗಿಗೆ ದಡಾರ ಬಂತು. ಎದ್ದು ಓಡಾಡುವಂತಾದ ಮೇಲೆ ಅವಳಿಗೆ ಅನ್ನ ಸೇರದು, ಬನ್ನು ಸೇರದು. "ಸೊಪ್ಪಿನ ಸಾರು ಬೇಕು" ಎಂದು ಒಂದೇ ಹಟ. ಸುದ್ದಿ ತಿಳಿದ ಅಜ್ಜಿ ಶನಿವಾರ ಬೆಳಿಗ್ಗೆ ಕೆರೆಯಂಚಿನ ಹೊನಗೊನೆ, ಹಿತ್ತಲ ನುಗ್ಗೆ ಸೊಪ್ಪು ಕಿತ್ತು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು. "ಬಾಡೋಕೆ ಮುಂಚೆ ತಲುಪ್ಸು" ಎಂದಳು. ಮೂರು ನಾಲ್ಕು ವಾರ ತಲುಪಿಸಿದೆ. ಮಗಳು ಕಾಯಿಲೆ ಬಿದ್ದು ಎದ್ದವಳೆಂದು ಅವ್ವನೂ ಗೊಣಗುತ್ತಲೇ ಸಾರು ಮಾಡಿದಳು.

ಒಂದು ಶನಿವಾರ ಬಸ್ಸು ತುಂಬಿತ್ತು. ಹೈಸ್ಕೂಲಿನ ಹುಡುಗಿಯರೂ ಇದ್ದರು. ಕಂಡಕ್ಟರು ನನ್ನ ಗಂಟು ನೋಡಿ, "ಏನ್ಲೇ, ಮೇವು ಹತ್ತೈತೆ, ಮೇಕೆ ಎಲ್ಲೈತೆ?" ಎಂದ.

ಹಿಂದಿನಿಂದ ಒಬ್ಬ ಮುದುಕ, "ಮೇಕೆ ಮನೆಯಾಗೈತೆ ಬಿಡ್ರಿ. ಇವ್ನು ಅದರ ಅಣ್ಣ!" ಎಂದ.

ಇಡೀ ಬಸ್ಸು ನಕ್ಕಿತು. ನನಗೆ ಹದಿನಾಲ್ಕೋ ಹದಿನೈದೋ. ಆ ನಗು ಮೈಗೆ ಹತ್ತಿದ ಮುಳ್ಳಿನಂತಾಯಿತು. ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸುವಾಗ ಗಂಟು ಬಿಚ್ಚಿ ಅಲ್ಲಿದ್ದ ಬೀದಿ ಮೇಕೆಗಳಿಗೆ ಸುರಿದೆ. ಮನೆಯಲ್ಲಿ, "ಮಳೆ ಇಲ್ಲ, ಸೊಪ್ಪು ಸಿಗ್ಲಿಲ್ಲವಂತೆ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ನಡೆಯಿತೆಂದರೆ ಮುಂದಿನ ವಾರವೂ ಅದನ್ನೇ ಮಾಡಿದೆ. ಹಾಗೇ ತಿಂಗಳುಗಳು ಹೋದವು. ಪ್ರತಿ ಸಲ ತಂಗಿ ಬಾಗಿಲಿಗೆ ಬಂದು ನನ್ನ ಖಾಲಿ ಬಟ್ಟೆ ಇಸಿದುಕೊಂಡು ಮೂಸಿ ನೋಡುತ್ತಿದ್ದಳು. ಮತ್ತೆ ಮಡಿಸಿ ನನ್ನ ಕೈಗೇ ಕೊಡುತ್ತಿದ್ದಳು.

ದೀಪಾವಳಿ ಹೊತ್ತಿಗೆ ಅವಳು ಸಂಜೆಯಾದರೆ ಗೋಡೆ ಹಿಡಿದು ನಡೆಯತೊಡಗಿದಳು. ಹೊರಗೆ ಒಣಗಿದ ಬಟ್ಟೆ ತರಲು ಹೋಗಿ ಒಗೆಯುವ ಕಲ್ಲಿಗೆ ಎಡವಿ ಮೊಣಕಾಲು ಒಡೆದುಕೊಂಡಳು. ಅವ್ವ, "ಕಣ್ಣು ಎಲ್ಲಿಟ್ಟಿದ್ಯೇ? ಕೆಲ್ಸ ಅಂದ್ರೆ ಸಾಕು, ನಾಟಕ" ಎಂದು ಬೈದಳು. ಹಗಲಲ್ಲಿ ಚಿಗರೆಯಂತೆ ಓಡುವವಳು ಸಂಜೆ ಎಡವಿದರೆ ಯಾರು ನಂಬುತ್ತಾರೆ? ನನಗೆ ಮಾತ್ರ ಅವಳಿಗೆ ಕಾಣುತ್ತಿಲ್ಲವೇನೋ ಎಂದು ಅನುಮಾನ ಬಂದಿತ್ತು. ಬಾಯಿ ಬಿಟ್ಟರೆ ಮೇಕೆಗಳ ಕತೆಯೂ ಹೊರಬೀಳುತ್ತದೆಂದು ಸುಮ್ಮನಿದ್ದೆ.

ಹಬ್ಬ ಕಳೆದ ಮೇಲೆ ಅಜ್ಜಿಯೇ ಬಂದಳು. ಮುಸ್ಸಂಜೆ, ಇನ್ನೂ ದೀಪ ಹಚ್ಚಿರಲಿಲ್ಲ. ತಂಗಿ ನೀರಿನ ಚೆಂಬಿಗೆ ಕೈ ಚಾಚಿ ಗೇಣುದ್ದ ಆಚೆ ತಡಕಾಡಿದ್ದನ್ನು ನೋಡಿ ಅಜ್ಜಿ ಎದ್ದು ಬಂದು ಅವಳ ಮುಖದ ಮುಂದೆ ಕೈಯಾಡಿಸಿದಳು.

"ಇರುಳುಗಣ್ಣು ಕಣೇ ಇದು! ನಾನು ವಾರ ವಾರ ಕಳಿಸಿದ ಸೊಪ್ಪು ಏನ್ಮಾಡಿದ್ರಿ?"

ಅವ್ವ ನನ್ನ ಕಡೆ ತಿರುಗಿದಳು.

"ಅಣ್ಣ ತತ್ತಿದ್ದ" ಎಂದಳು ತಂಗಿ. "ಅವ್ವ ಬೈತಾಳೆ ಅಂತ ನಾನೇ ಹೊರಗೇ ಇಸ್ಕಂಡು ಚೆಲ್ತಿದ್ದೆ. ಸಿಗ್ಲಿಲ್ಲ ಅನ್ನು ಅಂತ ನಾನೇ ಅವ್ನಿಗೆ ಹೇಳಿದ್ದೆ."

ಅವ್ವ ಅವಳ ಕೆನ್ನೆಗೆ ಹೊಡೆದಳು. ಏಟು ಬರುತ್ತಿರುವುದೂ ಅವಳಿಗೆ ಕಾಣಲಿಲ್ಲ. ಮುಖ ಸರಿಸದೆ ನಿಂತಿದ್ದಳು. ನಾನು ಎರಡು ಮಾರು ದೂರದಲ್ಲಿದ್ದೆ. ನಾನು ಮಾತಾಡಲಿಲ್ಲ. ಸೊಪ್ಪು ಚೆಲ್ಲಿದ್ದು ಹುಡುಗುಬುದ್ಧಿ ಎಂದು ಬೇಕಾದರೆ ಹೇಳಿಕೊಳ್ಳಬಹುದು. ಆ ಮೌನಕ್ಕೆ ಹೆಸರಿಲ್ಲ.

ಆಮೇಲೆ ಹಿತ್ತಲಲ್ಲಿ ಅವಳನ್ನು ಕೇಳಿದೆ: "ಯಾಕೆ ಹಂಗಂದೆ?"

"ಅಪ್ಪ ನಿನ್ನ ಹೊಡೆದು ಓಡಿಸಿದ್ರೆ ನಂಗೆ ಸೊಪ್ಪು ಯಾರು ತತ್ತಾರೆ?" ಎಂದಳು. ಒಂಬತ್ತು ವರ್ಷದ ಹುಡುಗಿ. ಅವಳ ಮೈ ಕೇಳುತ್ತಿದ್ದುದು ಅದೊಂದೇ, ಅದಕ್ಕಾಗಿ ಅವಳು ನನ್ನನ್ನು ಉಳಿಸಿಕೊಂಡಿದ್ದಳು.

ಮರುದಿನವೇ ಅಜ್ಜಿ ಅವಳನ್ನು ಹೊಳಲ್ಕೆರೆಯ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಔಷಧಿ ಕೊಟ್ಟು, ಸೊಪ್ಪು, ಪರಂಗಿ ಹಣ್ಣು, ಹಾಲು ಕೊಡಲು ಹೇಳಿ, ಇನ್ನೂ ತಡವಾಗಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರಂತೆ. ಆಮೇಲೆ ನಾನು ಶನಿವಾರಕ್ಕೆ ಕಾಯಲಿಲ್ಲ. ದಿನ ಬಿಟ್ಟು ದಿನ ಗಂಟು ತಲೆಯ ಮೇಲಿಟ್ಟುಕೊಂಡೇ ಬಸ್ಸು ಹತ್ತಿದೆ. ನಗುವವರು ನಕ್ಕರು. ಅವ್ವ ಯಾರ ಅಂಜಿಕೆಯೂ ಇಲ್ಲದೆ ಬಾಗಿಲಲ್ಲೇ ಕೂತು ಸೊಪ್ಪು ಸೋಸಿದಳು, ಮುದ್ದೆ ಮತ್ತೆ ನಮ್ಮ ತಟ್ಟೆಗೆ ಬಂತು. ತಂಗಿ ಎರಡು ಸಲ ಸಾರು ಹಾಕಿಸಿಕೊಂಡು ತಿನ್ನುವುದನ್ನು ನಾನು ಉಣ್ಣದೆ ನೋಡುತ್ತಿದ್ದೆ.

ಅವ್ವ ತೀರಿಹೋಗುವವರೆಗೂ ನಿಜ ಹೇಳಲು ನನಗೆ ಧೈರ್ಯವಾಗಲಿಲ್ಲ. ತಂಗಿಯೂ ಇಂದಿನವರೆಗೆ ಆ ಮಾತು ಎತ್ತಿಲ್ಲ. ಅವಳಿಗೀಗ ಮೊಮ್ಮಕ್ಕಳು, ಸೂಜಿಗೆ ದಾರ ಪೋಣಿಸಿಕೊಡಲು ನಾನೇ ಅವಳನ್ನು ಕರೆಯಬೇಕು. ಯಾವ ದೇವರಿಗೆ ಕೈ ಮುಗಿದರೂ ಮೊದಲು ನೆನಪಾಗುವುದು ಆ ಚಳಿಗಾಲದ ಒಂದು ಸಂಜೆ.

ಹೊತ್ತು ಮುಳುಗಿ ಕತ್ತಲಾಗುತ್ತಿತ್ತು. ತಂಗಿಗೆ ಕಾಣುವುದಿಲ್ಲವೆಂಬ ಧೈರ್ಯದಲ್ಲಿ ನಾನು ಹಿತ್ತಲ ಗೋಡೆಗೊರಗಿ, ಜೇಬಿನಿಂದ ಬೀಡಿ ತೆಗೆದು ತುಟಿಗಿಟ್ಟಿದ್ದೆ. ಕಡ್ಡಿ ಇನ್ನೂ ಗೀರಿರಲಿಲ್ಲ. ಆಚೆ ಮೆಟ್ಟಿಲ ಮೇಲಿಂದ ತಂಗಿಯ ದನಿ ಬಂತು.

"ಅಣ್ಣಾ, ಬೀಡಿ ಬಿಸಾಕು. ಅಪ್ಪ ಬತ್ತಾನೆ."

"ಯಾವ ಬೀಡಿನೇ?"

"ಬಾಯಾಗಿರೋದು. ಅದೂ ತಿರುವು ಮುರುವು ಇಟ್ಕಂಡೀಯ."

ನಾನು ಬೀಡಿ ಎಸೆದು ಓಡಿಹೋಗಿ ಅವಳನ್ನು ಎತ್ತಿಕೊಂಡೆ. ಅಷ್ಟರಲ್ಲಿ ಅಪ್ಪ ಬಂದ. ಅವಳು ನನ್ನ ಹೆಗಲ ಮೇಲಿಂದಲೇ, "ಅಪ್ಪಾ, ಅಣ್ಣ ಬೀಡಿ ಸೇದ್ತಾನೆ" ಎಂದು ಬೀಡಿ ಬಿದ್ದ ಜಾಗವನ್ನು ಬೆರಳು ಮಾಡಿ ತೋರಿಸಿದಳು. ಬಾಸುಂಡೆ ಬರುವ ಹಾಗೆ ಏಟು ಬಿದ್ದವು. ಒಂದನ್ನೂ ತಪ್ಪಿಸಿಕೊಳ್ಳದೆ ನಿಂತಿದ್ದೆ.