ಉಬ್ಬರಕ್ಕೆ ಬೆನ್ನು

ಬ್ರಿಯಾಕ್‌ನ ಹಾಯಿದೋಣಿ ಬರೀ ಏಳು ಮೀಟರಿನದು. ನಮ್ಮ ಬ್ರಿಟನಿಯ ನದೀಮುಖದಲ್ಲಿ ಲಂಗರು ಹಾಕಿ, ಅವನೂ ಹೆಂಡತಿ ಸ್ವಾಜಿಗ್ ಕೂಡ ಅದರಲ್ಲೇ ಸಂಸಾರ ಮಾಡಿಕೊಂಡಿದ್ದರು. ನನ್ನ ದೋಣಿ ಕೂಗಿದರೆ ಕೇಳುವಷ್ಟು ಹತ್ತಿರ. ಎಲೆ ಉದುರುವ ಕಾಲಕ್ಕೆ ಬ್ರಿಯಾಕ್‌ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು.

ಅಲ್ಲಿಂದ ಸ್ವಾಜಿಗ್‌ದು ನಾಯಿಪಾಡು. ಬೆಳಿಗ್ಗೆ ಎದ್ದರೆ ದೋಣಿಯ ತಳದಲ್ಲಿ ಸೇರಿದ ನೀರನ್ನು ಪಂಪು ಒತ್ತಿ ಹೊರಹಾಕಬೇಕು. ಚಿಕ್ಕ ದೋಣಿಗೆ ಹುಟ್ಟು ಹಾಕಿಕೊಂಡು ದಡಕ್ಕೆ ಹೋಗಿ ಕುಡಿಯುವ ನೀರು ತರಬೇಕು. ಹಗ್ಗದ ಮೇಲೆ ಹರವಿದ ಹಾಸಿಗೆ ಬಟ್ಟೆ ಉಪ್ಪುಗಾಳಿಗೆ ಒಣಗುತ್ತಲೇ ಇರಲಿಲ್ಲ.

"ದಡದಲ್ಲಿ ಒಂದು ಕೋಣೆ ನೋಡೇ," ಎಂದೆ ಒಮ್ಮೆ.

"ಅವನು ಬರ್ತಾನಾ? ನೀನೇ ಎತ್ಕೊಂಡ್ ಹೋಗು, ನೋಡೇಬಿಡಣ," ಎಂದಳು.

ಲಂಗರಿಗೆ ಕಟ್ಟಿದ ದೋಣಿ ನೀರು ಬರುವ ಕಡೆಗೆ ಮೂತಿ ಮಾಡಿ ನಿಲ್ಲುತ್ತದೆ. ಉಬ್ಬರದಲ್ಲಿ ಸಮುದ್ರದ ಕಡೆಗೆ, ಇಳಿತದಲ್ಲಿ ನದಿಯ ಕಡೆಗೆ. ಹಾಗಾಗಿ ಬ್ರಿಯಾಕ್‌ನ ಹಾಸಿಗೆ ಪಕ್ಕದ ಕಿಟಕಿಗೆ ಆರು ಗಂಟೆ ಎದುರು ದಡದ ಪೈನ್ ಮರಗಳು ಕಂಡರೆ, ಇನ್ನಾರು ಗಂಟೆ ಊರು. ಊರಿನ ಮೊದಲ ಮನೆಯೇ ಅವನಣ್ಣ ಗೊನೇರಿಯದು. ಅಪ್ಪನ ದೋಣಿ ಯಾರಿಗೆ ಎಂಬ ಜಗಳದಲ್ಲಿ ಮೂವತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಕಾಯಿಲೆಗೆ ಮುಂಚೆ, ಉಬ್ಬರದಲ್ಲಿ ಆ ಮನೆ ಕಿಟಕಿಗೆ ಬಂದಕೂಡಲೇ ಬ್ರಿಯಾಕ್ ಬೈದುಕೊಂಡು ಪರದೆ ಎಳೆಯುತ್ತಿದ್ದ. ಈಗ ಅವನ ಪರವಾಗಿ ಸ್ವಾಜಿಗ್ ಎಳೆಯುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಅವಳು ಕೂಗಿಕೊಂಡಳು. ಹೋಗಿ ನೋಡಿದರೆ ಬ್ರಿಯಾಕ್‌ಗೆ ಮೇಲುಸಿರು ಬಂದಿತ್ತು. ಮುಚ್ಚಿದ ಪರದೆಯನ್ನು ಎಡಗೈಯಿಂದ ಪರಚುತ್ತಿದ್ದ. ಉಬ್ಬರ ಜೋರಾಗಿತ್ತು.

"ಪರದೆ ಹಾಕಿದ್ರೂ ಅದರ ಹಿಂದೆ ಆ ಮನೆ ಇದೆ ಅಂತ ಅವನಿಗೆ ಗೊತ್ತು," ಎಂದು ಅತ್ತಳು. "ಸಾಯೋವಾಗಲೂ ಅದೇ ಎದುರಿಗಿರಬೇಕಾ? ದೋಣಿ ತಿರುಗಿಸೋಣ, ರಿವಾಲ್. ಮರಗಳನ್ನಾದ್ರೂ ನೋಡ್ಕೊಂಡು ಹೋಗ್ಲಿ."

ನನಗೂ ಸರಿಯೆನಿಸಿತು. ದೋಣಿಯ ಹಿಂಭಾಗಕ್ಕೆ ಹಗ್ಗ ಕಟ್ಟಿ, ಇನ್ನೊಂದು ಲಂಗರನ್ನು ಸಮುದ್ರದ ಕಡೆ ಒಯ್ದು ಹಾಕಿ, ಇಬ್ಬರೂ ಅಂಗೈ ಕಿತ್ತುಹೋಗುವಂತೆ ಎಳೆದೆವು. ದೋಣಿ ನಡುಗುತ್ತಾ ಉಬ್ಬರಕ್ಕೆ ಬೆನ್ನು ಕೊಟ್ಟು ನಿಂತಿತು. ಸ್ವಾಜಿಗ್ ಒಳಗೆ ಓಡಿ ಪರದೆ ಸರಿಸಿದಳು.

ಬ್ರಿಯಾಕ್ ಮರಗಳನ್ನು ನೋಡಿದ. ಕಣ್ಣಲ್ಲಿ ನೀರು ಇಳಿಯಿತು. ಎಡಗೈಯನ್ನು ಕಷ್ಟಪಟ್ಟು ಎತ್ತಿ, ನಮ್ಮನ್ನು ದಾಟಿ, ಈಗ ಅವನ ಬೆನ್ನ ಹಿಂದಿದ್ದ ಊರಿನ ಕಡೆ ತೋರಿಸಿದ. ನಾಲ್ಕು ತಿಂಗಳಿಂದ ಅವನು ನೋಡಬೇಕೆಂದಿದ್ದುದನ್ನೇ ನಾವು ಮುಚ್ಚಿದ್ದೆವೆಂದು ಆಗ ತಿಳಿಯಿತು. ನಾನು ಹೊರಗೆ ಹಾರಿ ಹಗ್ಗ ಕಡಿದೆ. ಆದರೆ ದೋಣಿ ತಿರುಗುವುದು ನಮ್ಮ ಅವಸರಕ್ಕಲ್ಲ. ಗೊನೇರಿಯ ಮನೆ ಕಿಟಕಿಗೆ ಬರುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಮಣ್ಣಿಗೆ ಗೊನೇರಿ ಬರಲಿಲ್ಲ. ಉರಿದುಹೋಯಿತು ನನಗೆ. ಮರುದಿನ ಅವನ ಮನೆಗೇ ಹೋದೆ.

"ಅವನೇ ಬೆನ್ನು ತಿರುಗಿಸಿದ್ಮೇಲೆ ನಾನ್ಯಾಕೆ ಬರಲಿ?" ಎಂದ. "ಉಬ್ಬರದಲ್ಲಿ ದೋಣಿ ತಾನಾಗಿ ತಿರುಗಲ್ಲ. ನನಗೇನು ಕಣ್ಣಿಲ್ವಾ?"

"ತಿರುಗಿಸಿದ್ದು ನಾನು, ಗೊನೇರಿ. ಅವನು ಕೈ ತೋರಿಸಿದ್ದು ನಿನ್ನ ಮನೆ ಕಡೆಗೆ."

"ತಿರುಗಿಸು ಅಂತ ಅವನು ಹೇಳಿದ್ನಾ?"

"ಇಲ್ಲ. ನಮಗೇ ಹಾಗನ್ನಿಸ್ತು."

ಮುದುಕ ಕುರ್ಚಿಯಲ್ಲಿ ಕುಸಿದ. "ಅವತ್ತು ನನ್ನ ದೋಣಿ ನೀರಿಗಿಳಿಸಿದ್ದೆ," ಎಂದ. "ಅವನ ಹತ್ರ ಬರೋಣ ಅಂತ ಹುಟ್ಟು ಹಿಡ್ಕೊಂಡು ಕೂತಿದ್ದೆ ಕಣೋ. ನೀವು ತಿರುಗಿಸಿದ್ದು ನೋಡಿ ಎದ್ದು ಬಂದುಬಿಟ್ಟೆ."

ಸ್ವಾಜಿಗ್ ಈಗಲೂ ಆ ದೋಣಿಯಲ್ಲೇ ಇದ್ದಾಳೆ. ಪರದೆ ಕಿತ್ತುಹಾಕಿದ್ದಾಳೆ. ಗೊನೇರಿ ಹೇಳಿದ್ದನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ.