ದಿನಕ್ಕೆ ಎಂಬತ್ತು ಪೆಟ್ಟು

ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಅನಿಲಕುಮಾರನೆಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೆಂಡತಿಯ ಕೈಯಲ್ಲಿ ಪೆಟ್ಟು ತಿನ್ನುವವನು ಎಂದರೆ ಚಿಕ್ಕ ಮಕ್ಕಳೂ ಅವನ ಬಾಗಿಲು ತೋರಿಸುತ್ತಿದ್ದರು. ನಾಲ್ಕು ತಿಂಗಳು ಆತ ಈ ಹೆಸರು ಹೊತ್ತು ತಿರುಗಿದ. ಅದು ಶುದ್ಧ ಸುಳ್ಳೆಂದು ಪಕ್ಕದ ರೂಮಿನ ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ, ಯಾಕೆಂದರೆ ದಿನಾ ಮುಂಜಾನೆ ಆ ಬಾಯಿಗೆ ಎರಡು ಬಿಸಿ ಜೋಳದ ರೊಟ್ಟಿ ಬೀಳುತ್ತಿದ್ದವು. ನಾನು ಗದಗಿನ ಕಡೆಯವನು. ರೇಲ್ವೆ ಪಾರ್ಸಲ್ ಆಫೀಸಿನಲ್ಲಿ ಮೂವತ್ತು ವರ್ಷ ದುಡಿದು, ಹೆಂಡತಿ ತೀರಿಕೊಂಡ ಮೇಲೆ ಹನ್ನೆರಡು ವರ್ಷ ಚಹಾದಲ್ಲಿ ಪಾವ್ ಅದ್ದಿಕೊಂಡು ತಿಂದವನು. ನನ್ನಂಥವನನ್ನು ಕೊಳ್ಳಲು ಎರಡು ರೊಟ್ಟಿ ಧಾರಾಳ ಸಾಕು.

ಅನಿಲಕುಮಾರ ಆಳಂದದ ಹುಡುಗ, ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಕೆಲಸ. ದಿನವಿಡೀ ನಲವತ್ತು ಮಹಡಿಯ ಟವರುಗಳಲ್ಲಿ ಮೇಲೆ ಕೆಳಗೆ ಓಡಾಡಿ, ಸಂಜೆ ಲಿಫ್ಟೇ ಇಲ್ಲದ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತುತ್ತಿದ್ದ. ಮೊಣಕೈ, ಮೊಣಕಾಲು, ಹಣೆ, ಎಲ್ಲಾದರೂ ಒಂದು ಕಡೆ ತರಚಿದ ಗಾಯ ಇದ್ದೇ ಇರುತ್ತಿತ್ತು. ಹೆಂಡತಿ ಭುವನೇಶ್ವರಿ. ಮೂರು ತುಂಬದ ಮಗಳು ನಮಿತಾ.

ಇಲ್ಲಿಗೆ ಬರುವ ಮೊದಲು ಅವರು ದಹಿಸರ್‌ನಲ್ಲಿದ್ದರು. ಬಾಡಿಗೆ ಕಡಿಮೆಯೆಂದು ಹೋದದ್ದು. ಆದರೆ ಕೆಲಸ ಇದ್ದದ್ದು ಚೆಂಬೂರಿನ ಸುತ್ತ. ಮಗಳು ಏಳುವ ಮೊದಲು ಲೋಕಲ್ ಹಿಡಿಯಬೇಕು, ಅವಳು ಮಲಗಿದ ಮೇಲೆ ಮನೆ ಸೇರಬೇಕು. ಒಂದು ಭಾನುವಾರ ಮಗು ಇವನನ್ನು ನೋಡಿ, "ಮಮ್ಮಿ, ಅಂಕಲ್ ಆಯಾ," ಯಾರೋ ಅಂಕಲ್ ಬಂದರು, ಎಂದಿತಂತೆ. ಅವತ್ತೇ ಅನಿಲಕುಮಾರ ಏನು ಬೇಕಾದರೂ ಆಗಲಿ, ಕೆಲಸದ ಹತ್ತಿರವೇ ರೂಮು ಮಾಡುತ್ತೇನೆಂದು ಹಟ ಹಿಡಿದ. ಹಟವೇನೋ ಸರಿ, ಚೆಂಬೂರಿನ ಬಾಡಿಗೆಗೆ ಹಟ ಸಾಲುವುದಿಲ್ಲ. ಅವನ ಸಂಬಳ ಬಾಡಿಗೆ ಮತ್ತು ಹಾಲಿಗೆ ಮುಗಿಯುತ್ತಿತ್ತು. ಆಗ ಭುವನೇಶ್ವರಿ ರೊಟ್ಟಿಗೆ ಕೈ ಹಚ್ಚಿದಳು.

ಆಂಟಾಪ್ ಹಿಲ್‌ನಲ್ಲಿ ಗುರಲಿಂಗಪ್ಪ ಎಂಬವರ ಖಾನಾವಳಿಯಿದೆ. ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗರು ಅಲ್ಲಿ ಉಣ್ಣುತ್ತಾರೆ. ಭುವನೇಶ್ವರಿ ಬೆಳಗಿನ ಐದು ಗಂಟೆಗೆ ನೆಲದ ಮೇಲೆ ಹಲಗೆ ಇಟ್ಟುಕೊಂಡು ಕೂತರೆ ಎಂಬತ್ತು ರೊಟ್ಟಿ ಬಡಿದೇ ಏಳುತ್ತಿದ್ದಳು. ಅನಿಲಕುಮಾರ ಅವನ್ನು ಬಟ್ಟೆಯಲ್ಲಿ ಸುತ್ತಿ, ಸ್ಪ್ಯಾನರ್ ಇಕ್ಕಳಗಳ ಚೀಲದಲ್ಲಿ ಅಡಗಿಸಿ, ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಒಯ್ದು ಕೊಟ್ಟು ಬಂದು ಕೆಲಸಕ್ಕೆ ಹೋಗುತ್ತಿದ್ದ.

ಅಡಗಿಸಲು ಕಾರಣ ರೂಮಿನ ಮಾಲೀಕ ಸದಾನಂದ. ಕರಾವಳಿಯ ಕಾಪು ಕಡೆಯವರು, ನಲವತ್ತು ವರ್ಷ ಹೋಟೆಲುಗಳಲ್ಲಿ ದುಡಿದು ಎರಡು ರೂಮು ಮಾಡಿಕೊಂಡವರು. ಒಂದು ಇದು, ಇನ್ನೊಂದು ಇದರ ನೇರ ಕೆಳಗೆ, ಅಲ್ಲಿ ಅವರೂ ಅವರ ಹೆಂಡತಿ ಅಪ್ಪಿಯಕ್ಕನೂ ವಾಸ. ಹಿಂದಿನ ಬಾಡಿಗೆದಾರನೊಬ್ಬ ರೂಮನ್ನು ಕೋಳಿಮೊಟ್ಟೆಯ ಗೋದಾಮು ಮಾಡಿದ್ದನಂತೆ. ಅಂದಿನಿಂದ ಅವರ ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಒಂದು ಸಾಲು ಖಾಯಂ: ಈ ಜಾಗದಲ್ಲಿ ಯಾವುದೇ ವ್ಯಾಪಾರ ಮಾಡಿದರೆ ಅದೇ ದಿನ ಖಾಲಿ ಮಾಡಬೇಕು. ಅದಕ್ಕೆ ಸಾಕ್ಷಿ ಸಹಿ ಹಾಕಿದವನು ನಾನೇ. ಸಹಿ ಹಾಕಿದ ಮೂರನೇ ದಿನದಿಂದ ರೊಟ್ಟಿ ತಿನ್ನತೊಡಗಿದವನೂ ನಾನೇ.

ಒಂದು ಮುಂಜಾನೆ ಅನಿಲಕುಮಾರ ಮೆಟ್ಟಿಲಿಳಿಯುತ್ತ ಗುರಲಿಂಗಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ನಮ್ಮ ಕಡೆಯವರು ಫೋನಿನಲ್ಲಿ ಮಾತಾಡಿದರೆ ಫೋನೇ ಬೇಕಾಗಿರಲಿಲ್ಲ ಅನ್ನಿಸುತ್ತದೆ, ಅಷ್ಟು ಗಟ್ಟಿ.

"ಹೌದ್ರೀ, ಇವತ್ತ ಎಂಬತ್ತು ಬಡದಾಳ್ರೀ. ಕೈ ಸೋತಾವು ಅಂತಾಳ್ರೀ. ನಾಳಿಗಿ ಹಬ್ಬ ಐತಿ, ನೂರಾ ಇಪ್ಪತ್ತು ಬಡಿ ಅಂತ ನಾನೇ ಹೇಳೀನ್ರೀ. ದಪ್ಪ ಬಡೀಬ್ಯಾಡ, ತೆಳ್ಳಗ ಬಡಿ ಅಂದೀನ್ರೀ."

ಕೆಳಗೆ ಬಾಗಿಲಲ್ಲಿ ಕೂತು ಪೇಪರ್ ಓದುತ್ತಿದ್ದ ಸದಾನಂದರ ಕೈಯಿಂದ ಪೇಪರ್ ಜಾರಿತು. ಅವರ ಊರಿನಲ್ಲಿ ರೊಟ್ಟಿಯನ್ನು ತಟ್ಟುತ್ತಾರೆ, ಬಡಿಯುವುದು ಮನುಷ್ಯರನ್ನು. ತಿಂಗಳುಗಟ್ಟಲೆ ಬೆಳಿಗ್ಗೆ ಐದಕ್ಕೆ ತಲೆಯ ಮೇಲೆ ದಬದಬ ಶಬ್ದ ಕೇಳಿ ಕೇಳಿ ಅವರಿಗೆ ಗುಮಾನಿ ಇದ್ದೇ ಇತ್ತು. ಈಗ ಅಂಕಿ ಸಂಖ್ಯೆ ಸಮೇತ ಸಿಕ್ಕಿತು. ಅನಿಲಕುಮಾರನ ಹಣೆಯ ಮೇಲೆ ಹಿಂದಿನ ದಿನ ಲಿಫ್ಟಿನ ಬಾಗಿಲು ತಾಗಿ ಎದ್ದ ಬುಗುಟು ಬೇರೆ.

"ಮಾರಾಯ, ಬಾ ಇಲ್ಲಿ," ಎಂದು ಕರೆದು ಮೆಲ್ಲಗೆ ಕೇಳಿದರು, "ಬೆಳಿಗ್ಗೆ ಬೆಳಿಗ್ಗೆ ಎಂತ ಶಬ್ದ ಅದು? ಹೆಂಡ್ತಿ ನಿಂಗೆ ಹೊಡೆಯುದಾ?"

ಅನಿಲಕುಮಾರನ ನಾಲಿಗೆಯ ತುದಿಗೆ ರೊಟ್ಟಿ ಬಂದಿತ್ತು. ಅಷ್ಟರಲ್ಲಿ ಅಗ್ರಿಮೆಂಟಿನ ಸಾಲು ನೆನಪಾಯಿತು. ರೊಟ್ಟಿಯನ್ನು ನುಂಗಿಕೊಂಡು ಹೇಳಿದ:

"ಹೌದ್ರೀ."

"ಅಯ್ಯೋ! ನೀನು ಸುಮ್ಮನೆ ಪೆಟ್ಟು ತಿನ್ನುದಾ?"

"ಕೆಟ್ಟಾಕಿ ಅಲ್ರೀ. ಪ್ರೀತಿಲೇ ಬಡೀತಾಳ್ರೀ."

ಸಂಜೆ ಇದನ್ನು ಕೇಳಿ ನಾನು ಹಣೆ ಚಚ್ಚಿಕೊಂಡೆ. "ಕಸರತ್ತು ಮಾಡ್ತೀನಿ ಅನ್ನಬಾರದಿತ್ತೇನೋ? ಬಟ್ಟಿ ಒಗೀತಾಳ ಅನ್ನಬಾರದಿತ್ತೇನೋ?"

"ಆಗ ತಲಿಗಿ ಹೊಳೀಲಿಲ್ರೀ ಕಾಕಾ," ಎಂದ. "ಆಕಿಗಿ ಮಾತ್ರ ಹೇಳಬ್ಯಾಡ್ರೀ."

ಸದಾನಂದರು ಗುಟ್ಟನ್ನು ಗುಟ್ಟಾಗಿಯೇ ಎಲ್ಲರಿಗೂ ಹೇಳಿದರು. ವಾರದೊಳಗೆ ಬಿಲ್ಡಿಂಗೇ ಬದಲಾಯಿತು. ಗಂಡಸರು ಅನಿಲಕುಮಾರನ ಹೆಗಲ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಡುತ್ತಿದ್ದರು. ಸದಾನಂದರು ಅವನಿಗೆ ದಿನಾ ಚಹಾ ಕುಡಿಸಿ, ನೋವಿನ ಎಣ್ಣೆಯ ಬಾಟಲಿ ಕೊಟ್ಟು, ಹೊಡೆಯಲು ಬಂದರೆ ಬಾಗಿಲ ಕಡೆಗೇ ಮುಖ ಮಾಡಿ ನಿಲ್ಲಬೇಕೆಂದು ಪಾಠ ಹೇಳುತ್ತಿದ್ದರು. ಭುವನೇಶ್ವರಿ ಮೆಟ್ಟಿಲಿಳಿದರೆ ಎದುರು ಬಂದವರು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದರು. ಅವಳಿಗೆ ಇದೊಂದೂ ಗೊತ್ತಿಲ್ಲ. "ಕಾಕಾ, ಮುಂಬೈ ಮಂದಿ ಭಾಳ ಮರ್ಯಾದಸ್ತರು ನೋಡ್ರೀ," ಎಂದು ನನ್ನ ಮುಂದೆ ಹೊಗಳಿದಳು. ನಾನು ರೊಟ್ಟಿ ಅಗಿಯುತ್ತ ತಲೆಯಾಡಿಸಿದೆ.

ನಲ್ಲಿಯ ಕಟ್ಟೆಯಲ್ಲಿ ನಡೆದದ್ದು ಇನ್ನೂ ಚೆನ್ನ. ಅಲ್ಲಿ ಹಿಂಬದಿಯ ರೂಮಿನ ನೀಲಾಬಾಯಿಯದೇ ರಾಜ್ಯ. ಮರಾಠಿ ಹೆಂಗಸು, ಗಂಡ ಕುಡುಕ. ಅವಳ ಕೊಡ ತುಂಬುವವರೆಗೆ ಉಳಿದವರ ಕೊಡ ಅಲ್ಲಾಡುವಂತಿರಲಿಲ್ಲ. ಅಂಥವಳು ಒಂದು ದಿನ ತನ್ನ ಕೊಡ ಸರಿಸಿ ಭುವನೇಶ್ವರಿಗೆ ಜಾಗ ಬಿಟ್ಟು, ಕಿವಿಯ ಹತ್ತಿರ ಬಾಗಿ ಹಿಂದಿಯಲ್ಲಿ ಕೇಳಿದಳು:

"ಸಚ್ ಬೋಲ್, ತೂ ರೋಜ್ ಮಾರ್ತೀ ಕ್ಯಾ?"

ದಿನಾ ಹೊಡೆಯುತ್ತೀಯಾ ಎಂದು ಅವಳ ಪ್ರಶ್ನೆ. ಆದರೆ ಭುವನೇಶ್ವರಿಯ ಕಿವಿ ಇನ್ನೂ ಕಲಬುರಗಿ ಜಿಲ್ಲೆ ದಾಟಿರಲಿಲ್ಲ. ಅವಳಿಗೆ ಕೇಳಿಸಿದ್ದು ನಮ್ಮ 'ಮಾರ್ತೀ', ಅಂದರೆ ರೊಟ್ಟಿ ಮಾರುತ್ತೀಯಾ ಎಂದು. ಗುಟ್ಟು ಒಡೆಯಿತೆಂದೇ ಅವಳು ತಿಳಿದಳು.

"ಹಾಂ ಬಾಯಿ, ರೋಜ್ ಮಾರ್ತಿ. ಅಸ್ಸಿ. ಕಿಸೀಕೋ ಬೋಲೋ ಮತ್," ಎಂದು ಕೈಮುಗಿದಳು. ದಿನಾ ಎಂಬತ್ತು, ಯಾರಿಗೂ ಹೇಳಬೇಡಿ.

ನೀಲಾಬಾಯಿ ಭಕ್ತಿಯಿಂದ ಅವಳ ಕೊಡವನ್ನು ತಾನೇ ಹೊತ್ತು ಮೇಲೆ ತಂದುಕೊಟ್ಟಳು. ಆಮೇಲೆ ಹಿಂಬದಿಯ ರೂಮಿನ ಕುಡುಕ ಗಂಡ ಹೊತ್ತಿಗೆ ಸರಿಯಾಗಿ ಮನೆ ಸೇರತೊಡಗಿದ ಎಂದು ಸುದ್ದಿ.

ಹೀಗೆಯೇ ನಡೆದಿದ್ದರೆ ನನಗೂ ರೊಟ್ಟಿ ಸಿಗುತ್ತಿತ್ತು. ಆದರೆ ಹನ್ನೊಂದು ತಿಂಗಳು ಮುಗಿಯಲು ಬಂತು. ಸದಾನಂದರು ಅನಿಲಕುಮಾರನನ್ನು ಕರೆದು, ಬೇಸರದಿಂದಲೇ ಹೇಳಿದರು: "ನೋಡು ಮಾರಾಯ, ನಿನ್ನ ಮೇಲೆ ನಂಗೆ ಕನಿಕರ ಉಂಟು. ಆದ್ರೆ ನಾಳೆ ಪೆಟ್ಟು ಹೆಚ್ಚುಕಮ್ಮಿಯಾಗಿ ನಿಂಗೆ ಎಂತಾದ್ರೂ ಆದ್ರೆ ಪೊಲೀಸ್ ನನ್ನ ಬಾಗಿಲಿಗೆ ಬರುದು. ಆಮೇಲೆ ಆ ರೂಮು ಯಾರು ತಕೊಳ್ತಾರೆ? ಭಾನುವಾರ ಹೆಂಡ್ತಿಯನ್ನು ಕರ್ಕೊಂಡು ಬಾ. ಮಾತಾಡಿ ನೋಡ್ತೇನೆ. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೊಳ್ಳಿ."

ರೂಮು ಉಳಿಸಲು ಹೇಳಿದ ಸುಳ್ಳೇ ರೂಮು ಕಳೆಯುವ ಹಾಗಾಯಿತು. ಪೆಟ್ಟು ಎಂದರೂ ಹೊರಗೆ, ರೊಟ್ಟಿ ಎಂದರೂ ಹೊರಗೆ. ಬೇರೆ ಕಡೆ ಎಂದರೆ ಮತ್ತೆ ದಹಿಸರ್. ಅನಿಲಕುಮಾರ ನನ್ನ ರೂಮಿಗೆ ಬಂದು ಕೂತ. ಅವನ ಮುಖ ನೋಡಿ ನನಗೆ ನನ್ನ ಮೇಲೇ ನಾಚಿಕೆಯಾಯಿತು. ಇಷ್ಟು ದಿನ ಇದನ್ನು ತಮಾಷೆಯೆಂದು ನೋಡುತ್ತಿದ್ದೆನಲ್ಲ, ಮುದುಕನಾದರೂ ಬುದ್ಧಿ ಬರಲಿಲ್ಲ.

ಕೊನೆಗೆ ಹೆಂಡತಿಗೆ ಹೇಳಲೇಬೇಕಾಯಿತು. ಗೋಡೆಯಾಚೆಯಿಂದ ನನಗೆಲ್ಲ ಕೇಳುತ್ತಿತ್ತು. ಮೊದಲು ಭುವನೇಶ್ವರಿ ಬಿದ್ದು ಬಿದ್ದು ನಕ್ಕಳು. ನಡುವೆ ಥಟ್ಟನೆ ನಗು ನಿಂತಿತು.

"ನಾಕು ತಿಂಗಳು ಹೆಂಡ್ತಿ ಕೈಯಾಗ ಬಡಿಸಿಕೊಂಡಾವ ಅನ್ನಿಸಿಕೊಂಡು ತಿರಗ್ಯಾಡೀರಿ? ಇಂಥಾ ಹೆಸರು ಹೊತ್ತೂ ನನ್ನ ಮುಂದ ಹೇಳಲಿಲ್ಲ, ಮಳ್ಳರಂಗ?"

"ಹೆಸರಿಂದೇನೈತಿ ಬಿಡು. ಇಷ್ಟು ದಿನರೆ ರೂಮು ಉಳೀತಲ್ಲ."

"ನನಗ ಐತಿ," ಎಂದಳು. ಆಮೇಲೆ ಹಸಿ ಅರಿವೆ ಗೋಡೆಗೆ ಅಪ್ಪಳಿಸಿದ ಶಬ್ದ ಕೇಳಿತು. ಆ ರೂಮಿನಲ್ಲಿ ರೊಟ್ಟಿಗಲ್ಲದೆ ಬೇರೆಯದಕ್ಕೆ ಏಟು ಬಿದ್ದದ್ದು ಅದೊಂದೇ ಸಲ.

ಭಾನುವಾರ ಬೆಳಿಗ್ಗೆ ಸಾಕ್ಷಿಯಾಗಿ ನಾನೂ ಕೆಳಗೆ ಹೋದೆ. ಸದಾನಂದರು ಹೊಸ ಅಗ್ರಿಮೆಂಟಿನ ಕಾಗದ ಮುಂದಿಟ್ಟುಕೊಂಡು, ಭುವನೇಶ್ವರಿಯ ಕೈಗೆ ಸಿಗದಷ್ಟು ದೂರದಲ್ಲಿ ಕೂತಿದ್ದರು. ಅವಳು ಅವರ ಮುಂದೆ ಒಂದು ತಟ್ಟೆ ಇಟ್ಟಳು. ಅದರಲ್ಲಿ ಆಗಷ್ಟೇ ಬಡಿದ ನಾಲ್ಕು ರೊಟ್ಟಿ, ಬದಿಗೆ ಶೇಂಗಾ ಹಿಂಡಿ.

"ಮಾಲಕ್ರೀ, ನಾ ಬಡಿಯೂದು ಇವನ್ನ. ದಿನಾ ಎಂಬತ್ತು ಬಡೀತೀನಿ, ಮಾರ್ತೀನಿ. ಗಂಡನ ಮೈಮ್ಯಾಲ ಒಂದಿನ ಕೈ ಮಾಡಿಲ್ಲ. ರೊಟ್ಟಿ ಅಂದ್ರ ನೀವು ರೂಮು ಬಿಡಸ್ತೀರಿ ಅಂತ ಅಂಜಿ ಅವರು ಪೆಟ್ಟು ಅಂದ್ರು. ಬಿಡಸೂದಿದ್ರ ಬಿಡಸ್ರಿ, ದಹಿಸರ್‌ಗೆ ಹೋಗ್ತೀವಿ. ಆದ್ರ ಹೋಗೂಮುಂದ ಈ ಬಿಲ್ಡಿಂಗಿನ್ಯಾಗ ಅವರಿಗಿ ಬಡಿಸಿಕೊಂಡಾವ ಅನ್ನೂ ಹೆಸರು ಇರಬಾರದು."

ಹೇಳಿ ಮುಗಿಸಿ ತಟ್ಟೆಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದಳು. ಅನಿಲಕುಮಾರ ನೆಲ ನೋಡುತ್ತಿದ್ದ. ಸದಾನಂದರು ರೊಟ್ಟಿಯನ್ನು ನೋಡಿದರು, ಮಾಳಿಗೆ ನೋಡಿದರು, ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು.

"ನಿಂಗೆ ಗೊತ್ತಿತ್ತಾ ಇದು?"

"ಮೊದಲ ದಿನವೇ ಗೊತ್ತಿತ್ತು," ಎಂದರು ಅಪ್ಪಿಯಕ್ಕ. "ನಲ್ವತ್ತು ವರ್ಷ ಬೊಂಬಾಯಿಯಲ್ಲಿದ್ದು ಭಾಕರಿ ತಟ್ಟುವ ಶಬ್ದ ಗೊತ್ತಾಗುದಿಲ್ವಾ?"

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಾಡಿಗೆ ಏರಿಸ್ತಿದ್ರಿ."

ಸದಾನಂದರು ಅಗ್ರಿಮೆಂಟಿನ ಮೇಲೆ ಬೆರಳು ಕುಟ್ಟಿದರು. "ಆದ್ರೂ ಸುಳ್ಳು ಹೇಳುದಾ? ಮಾಲಕನ ಎದುರು ನಿಂತು ಸುಳ್ಳು ಹೇಳುದಾ?"

ಅಪ್ಪಿಯಕ್ಕ ಬಾಗಿಲು ಬಿಟ್ಟು ಒಳಗೆ ಬಂದರು. ಆ ಹೆಂಗಸು ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ. ಆಗಲೂ ಏರಿಸಲಿಲ್ಲ.

"ಮೊದ್ಲು ನಾವು ಆಂಟಾಪ್ ಹಿಲ್ ಚಾಳಿನಲ್ಲಿದ್ದಾಗ ಸಂಸಾರ ಸಾಗುದಿಲ್ಲ ಅಂತ ನಾನು ಹೋಟೆಲಿಗೆ ಮಸಾಲೆ ಕುಟ್ಟಿ ಕೊಡ್ತಿದ್ದೆ. ನೆನಪುಂಟಾ? ಚಾಳಿನ ಮಾಲಕ ಬಂದು ಎಂತ ಶಬ್ದ ಅಂತ ಕೇಳಿದಾಗ ನೀವೆಂತ ಹೇಳಿದ್ರಿ?"

"ಅದು ಈಗ ಯಾಕೆ?"

"ಹೆಂಡ್ತಿಗೆ ಹುಚ್ಚು, ಹುಚ್ಚು ಏರಿದಾಗ ನೆಲಕ್ಕೆ ಗುದ್ದುತ್ತಾಳೆ ಅಂದ್ರಿ. ಐದು ವರ್ಷ ನಾನು ಆ ಚಾಳಿನ ಹುಚ್ಚಿ. ನನ್ನನ್ನು ಕಂಡ್ರೆ ಹೆಂಗಸರು ಮಕ್ಕಳನ್ನು ಒಳಗೆ ಎಳ್ಕೊಳ್ತಿದ್ರು. ಈ ಹುಡುಗ ಪೆಟ್ಟು ತಿಂದವ ಅಂತ ಅರ್ಧ ನಾಚಿಕೆ ತಾನಾದ್ರೂ ಹೊತ್ತ. ನೀವು ಎಲ್ಲವನ್ನೂ ನನ್ನ ತಲೆ ಮೇಲಿಟ್ಟು ಡ್ಯೂಟಿಗೆ ಹೋದ್ರಿ."

ಸದಾನಂದರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಪೆನ್ನು ತಕ್ಕೊಂಡು ವ್ಯಾಪಾರದ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ಸಹಿ ಹಾಕಿ, ಕಾಗದವನ್ನು ನನ್ನ ಕಡೆ ನೂಕಿದರು. ಬಾಡಿಗೆಯ ಅಂಕಿ ಹಳೆಯದೇ ಇತ್ತು. ನಾನು ಸಾಕ್ಷಿ ಹಾಕಿದೆ. ಅನಿಲಕುಮಾರ ಕಣ್ಣೊರೆಸಿಕೊಂಡ.

ಸದಾನಂದರು ಹೆಂಡತಿಯ ಕಡೆ ನೋಡದೆ ಕೇಳಿದರು, "ಆ ಚಾಳಿನಲ್ಲಿ ನಮ್ಮ ಗುರ್ತದವರು ಈಗ ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ. ಚಾಳು ಕೆಡವಿ ಟವರ್ ಕಟ್ಟಿದ್ರಲ್ಲ."

ಸದಾನಂದರು ಎದ್ದು ನಿಂತು, ನಮ್ಮ ಮೂವರ ಕಡೆ ತಿರುಗಿ, ಸಭೆಯಲ್ಲಿ ಹೇಳುವವರಂತೆ ಗಟ್ಟಿಯಾಗಿ ಹೇಳಿದರು:

"ನನ್ನ ಹೆಂಡ್ತಿಗೆ ಹುಚ್ಚು ಇರ್ಲಿಲ್ಲ. ಅವಳು ಮಸಾಲೆ ಕುಟ್ತಿದ್ದದ್ದು."